ಚುಕ್ಕೆಯನ್ನು ನಂಬುವ ಮುನ್ನ

ಕಣ್ಣಿನ ಚಲನೆ ದಾಖಲಿಸುವ ಕನ್ನಡಕಗಳನ್ನು ವಿಮರ್ಶಿಸುವವರು ತೂಕ, ಬೆಲೆ, ವೇಗಕ್ಕೆ ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಮೈಕೆಲ್ ಲ್ಯಾಂಡ್ 1990ರ ದಶಕದಲ್ಲಿ ಬಳಸಿದ ಸಾಧನಕ್ಕೆ ಸೊನ್ನೆಯೇ ಸಿಗಬೇಕು. ತಲೆಗೆ ಬಿಗಿದ ವಿಡಿಯೊ ಕ್ಯಾಮೆರಾ, ಮುಂದೊಂದು ಕನ್ನಡಿ, ನೋಡಲು ವಿಕಾರ. ಕಣ್ಣಿನ ಚಲನೆಯನ್ನು ಅಧ್ಯಯನ ಮಾಡಿದ ಹಿಂದಿನ ವಿಜ್ಞಾನಿ ಯಾರ್ಬಸ್ ಕಣ್ಣುಗುಡ್ಡೆಗೇ ಸಾಧನ ಅಂಟಿಸಿದ ಕಥೆ ಎಲ್ಲರಿಗೂ ಗೊತ್ತು. ಲ್ಯಾಂಡ್ ಹೆಸರು ಮಾತ್ರ ಅಡಿಟಿಪ್ಪಣಿಗೆ ಜಾರಿದೆ.

ಇಡೀ ವಿನ್ಯಾಸದ ಜೀವ ಆ ಕನ್ನಡಿ. ಎದುರಿನ ದೃಶ್ಯವೂ ಅದನ್ನು ನೋಡುತ್ತಿರುವ ಕಣ್ಣೂ ಒಂದೇ ಚೌಕಟ್ಟಿನಲ್ಲಿ ಮೂಡುತ್ತಿದ್ದವು. 2000ರಲ್ಲಿ ಲ್ಯಾಂಡ್ ಮತ್ತು ಪೀಟರ್ ಮೆಕ್‌ಲಿಯಡ್ ಪ್ರಕಟಿಸಿದ ಕ್ರಿಕೆಟ್ ಅಧ್ಯಯನವನ್ನೇ ನೋಡಿ. ಬೌಲಿಂಗ್ ಯಂತ್ರದಿಂದ ಚೆಂಡು ಹೊರಟ ಸ್ವಲ್ಪ ಹೊತ್ತಿಗೆ ಬ್ಯಾಟ್ಸ್‌ಮನ್ನನ ದೃಷ್ಟಿ ಚೆಂಡನ್ನು ಬಿಟ್ಟು, ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತದೆ. ನುರಿತವನ ಕಣ್ಣು ಇನ್ನೂ ಬೇಗ ಜಿಗಿಯುತ್ತದೆ. ಚೆಂಡಿನಿಂದ ಕಣ್ಣು ಕೀಳಬೇಡ ಎನ್ನುವ ಕೋಚ್‌ಗಳಿಗೆ ಇದು ರುಚಿಸದ ಮಾತು. ದೃಷ್ಟಿ ಬಿದ್ದ ಜಾಗವನ್ನು ದೃಶ್ಯದ ಮೇಲೆ ಬರೀ ಒಂದು ಚುಕ್ಕೆಯಾಗಿ ತೋರಿಸುವ ಈಗಿನ ತಂತ್ರಾಂಶದಲ್ಲಿ ಇದೇ ಕ್ಷಣ ಹೇಗೆ ಕಾಣುತ್ತದೆ? ಚೆಂಡು ಒಂದು ಕಡೆ, ಚುಕ್ಕೆ ಖಾಲಿ ನೆಲದ ಮೇಲೆ. ಕನ್ನಡಕ ಮೂಗಿನಿಂದ ಜಾರಿರಬೇಕು ಎಂದುಕೊಂಡು ನಾವು ಆ ಭಾಗವನ್ನೇ ಕತ್ತರಿಸಿ ಎಸೆಯಬಹುದು. ಕಣ್ಣು ಅದೇ ಚೌಕಟ್ಟಿನಲ್ಲಿದ್ದರೆ ಅದು ನಿಜಕ್ಕೂ ಕೆಳಗೆ ಹೊರಳಿತೇ ಎಂದು ಅಲ್ಲೇ ನೋಡಬಹುದು.

ಚುಕ್ಕೆಯ ಮೊನಚೂ ಸುಳ್ಳೇ. ಒಂದು ಡಿಗ್ರಿ ತಪ್ಪು ಈ ಕ್ಷೇತ್ರದಲ್ಲಿ ಮರ್ಯಾದಸ್ಥ ಅಂಕಿ. ಆದರೆ 22 ಗಜದ ಪಿಚ್ಚಿನ ಆಚೆ ತುದಿಯಲ್ಲಿ ಅದು ಸುಮಾರು 35 ಸೆಂಟಿಮೀಟರ್. ಮೂರೂ ಸ್ಟಂಪ್ ಸೇರಿದರೆ 23 ಸೆಂಟಿಮೀಟರ್ ಅಗಲ ದಾಟುವುದಿಲ್ಲ. ಇಷ್ಟು ತಪ್ಪಿರುವಾಗ ತೋರಿಸಬೇಕಾದ್ದು ಚುಕ್ಕೆಯಲ್ಲ, ಮಸುಕಾದ ದೊಡ್ಡ ವೃತ್ತ. ಮಾರುವವರು ಅದನ್ನೇಕೆ ತೋರಿಸಿಯಾರು?

ಲ್ಯಾಂಡ್ ಅಧ್ಯಯನದಲ್ಲಿ ಇದ್ದದ್ದು ಮೂರೇ ಬ್ಯಾಟ್ಸ್‌ಮನ್ನರು ಎಂದು ಮೂಗು ಮುರಿಯುವವರಿದ್ದಾರೆ. ನಿಜ. ಆದರೆ ಪರೀಕ್ಷಿಸಿ ನೋಡಿದ ಮೂವರಿಗಿಂತ, ಕಣ್ಣು ಎಲ್ಲಿ ಹೆಚ್ಚು ನಿಂತಿತೆಂದು ತೋರಿಸಲು ತಂತ್ರಾಂಶ ಉಗುಳಿದ ಮುನ್ನೂರು ಬಣ್ಣದ ನಕಾಶೆಗಳು ಹೇಗೆ ಹೆಚ್ಚು ವೈಜ್ಞಾನಿಕವಾದವು ಎಂಬುದನ್ನು ಅವರು ಹೇಳುವುದಿಲ್ಲ. ವಿಡಿಯೊದಲ್ಲಿ ಕಣ್ಣಿನ ಐರಿಸ್ ಅಂಚಿಗೆ ಗೆರೆ ಹೊಂದಿಸುತ್ತಾ ಚೌಕಟ್ಟು ಚೌಕಟ್ಟಾಗಿ ಕೂರುವ ಲ್ಯಾಂಡ್ ವಿಧಾನ ಬೇಸರದ್ದು, ಒಪ್ಪುತ್ತೇನೆ. ದಿನಗಟ್ಟಲೆ ದಾಖಲಿಸಲು ಅದು ನಡೆಯದು.

2014ರಲ್ಲಿ ಬಂದ ಪ್ಯೂಪಿಲ್ ಎಂಬ ಕನ್ನಡಕದಂಥ ಮುಕ್ತ ವಿನ್ಯಾಸಗಳು ಕಣ್ಣಿನ ವಿಡಿಯೊವನ್ನೂ ಉಳಿಸುತ್ತವೆ. ಅಷ್ಟರ ಮಟ್ಟಿಗೆ ಅವು ಲ್ಯಾಂಡ್‌ಗೆ ವಾರಸುದಾರರು. ಕನ್ನಡಕ ಕೊಳ್ಳುವ ಪ್ರಯೋಗಾಲಯಗಳು ವೇಗದ ಅಂಕಿ ಕೇಳುವ ಮೊದಲು, ಕಣ್ಣಿನ ಚಿತ್ರವನ್ನು ದೃಶ್ಯದ ಪಕ್ಕದಲ್ಲೇ ತೋರಿಸಿ ಎಂದು ಕೇಳಲಿ.