ಕೊಂಕಣಿಯ ಮನೆಗೆ ಕನ್ನಡದ ಬಾಗಿಲು

ಮಂಗಳೂರಿನ ಕಡೆಯಿಂದ ಬೆಂಗಳೂರಿಗೋ ಮೈಸೂರಿಗೋ ಬಂದು ನೆಲೆಸಿದ ಕಥೋಲಿಕ ಕುಟುಂಬವೊಂದು ನಿಮ್ಮ ನೆರೆಯಲ್ಲಿದ್ದರೆ, ಅಥವಾ ನೀವೇ ಅಂತಹ ಕುಟುಂಬದವರಾಗಿದ್ದರೆ, ಈ ದೃಶ್ಯ ನಿಮಗೆ ಹೊಸದಾಗಿರಲಾರದು. ಅಜ್ಜಿಯ ಕೈಯಲ್ಲಿ ಕೊಂಕಣಿ ಪ್ರಾರ್ಥನೆಯ ಹಳೆಯ ಪುಸ್ತಕವಿದೆ. ಮೊಮ್ಮಗಳು ಮನೆಯಲ್ಲಿ ಕೊಂಕಣಿಯನ್ನೇ ಆಡುತ್ತಾಳೆ, ಸಂಜೆಯ ತೇರ್ಸನ್ನು ಬಾಯಿಪಾಠ ಹೇಳುತ್ತಾಳೆ. ಆದರೆ ಆ ಪುಸ್ತಕವನ್ನು ಕೈಗಿತ್ತರೆ ಓದಲಾರಳು. ಅವಳಿಗೆ ಬಾರದಿರುವುದು ಕೊಂಕಣಿಯಲ್ಲ, ಕನ್ನಡದ ಅಕ್ಷರಮಾಲೆ.

ಕೊಂಕಣಿ ಸಾಹಿತ್ಯದ ಭವಿಷ್ಯವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಲಿಪಿಯ ಜಗಳಕ್ಕೆ ದೊರೆತಷ್ಟು ಜಾಗ ಈ ಮೊಮ್ಮಗಳಿಗೆ ದೊರೆತಿಲ್ಲ.

ಕೊಂಕಣಿ ಒಂದೇ ಲಿಪಿಯ ಭಾಷೆಯಾಗಿ ಬೆಳೆದದ್ದಲ್ಲ. ಯೇಸುಸಭೆಯ ಥಾಮಸ್ ಸ್ಟೀಫನ್ಸರ ಧರ್ಮೋಪದೇಶದ ಪುಸ್ತಕ ಗೋವೆಯ ರಾಚೋಲಿನಲ್ಲಿ ಅಚ್ಚಾದದ್ದು 1622ರಲ್ಲಿ, ರೋಮನ್ ಲಿಪಿಯಲ್ಲಿ. ಅದೇ ಗೋವೆಯಲ್ಲಿ 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಒಂದು ಆಜ್ಞೆ ಹೊರಡಿಸಿ, ಮೂರು ವರ್ಷಗಳೊಳಗೆ ಜನ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸ್ ಕಲಿಯಬೇಕೆಂದ. ದೇವರ ವಾಕ್ಯವನ್ನು ಆ ಮಾತಿನಲ್ಲಿ ಅಚ್ಚು ಹಾಕಿದ್ದೂ ಆ ಮಾತನ್ನು ಅಡಗಿಸಲು ಹೊರಟದ್ದೂ ಕ್ರೈಸ್ತರೇ ಎಂಬುದನ್ನು ನಾವು ಮರೆಯದಿರುವುದು ಒಳ್ಳೆಯದು. ಕೆನರಾ ಜಿಲ್ಲೆಗೆ ಬಂದ ಕೊಂಕಣಿಗರು ನೆರೆಯ ಕನ್ನಡದಿಂದ ಅಕ್ಷರ ಪಡೆದರು. ಯೇಸುಸಭೆಯ ಇಟಾಲಿಯನ್ ಗುರು ಆಂಜೆಲೊ ಮಾಫೆಯಿ ಅವರ ಕೊಂಕಣಿ ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದವು. ಕಥೋಲಿಕ ಗುರುವಿನ ಹಸ್ತಪ್ರತಿಗೆ ಪ್ರೊಟೆಸ್ಟಂಟರ ಅಚ್ಚುಮೊಳೆ! 1912ರಲ್ಲಿ ಲುವಿಸ್ ಮಸ್ಕರೇನ್ಹಸರ ‘ಕೊಂಕಣಿ ದಿರ್ವೆಂ’ ಹೊರಟಿತು. 1938ರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ‘ರಾಕ್ಣೊ’ ವಾರಪತ್ರಿಕೆ ಬಂತು.

ಕನ್ನಡ ಲಿಪಿ ಕೊಂಕಣಿಗೆ ಎರವಲು ಅಂಗಿ ಎಂದು ಹೇಳುವವರಿದ್ದಾರೆ. ಅಂಗಿ ಎರವಲಿನದೇ ಇರಬಹುದು, ಆದರೆ ಮೈಗೆ ಚೆನ್ನಾಗಿ ಕೂತಿದೆ. ಹ್ರಸ್ವ, ದೀರ್ಘ ಎರಡೂ ಬಗೆಯ ಎಕಾರ ಒಕಾರಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಚಿಹ್ನೆಗಳಿವೆ. ದೇವನಾಗರಿಯ ರೂಢಿಯ ಬರಹದಲ್ಲಿಲ್ಲ. ಘರ್, ಪೂತ್, ದೇವ್ ಎಂದು ವ್ಯಂಜನದಲ್ಲಿ ಮುಗಿಯುವ ಪದಗಳನ್ನು ಇಲ್ಲಿ ಕಿವಿಗೆ ಕೇಳಿದಂತೆಯೇ ಬರೆಯುತ್ತಾರೆ. ಉಪಕಾರ ಸ್ಮರಣೆಗೆ ಕೊಂಕಣಿಗರು ಹೇಳುವ ‘ದೇವ್ ಬರೆಂ ಕರುಂ’ ಎಂಬ ಮಾತನ್ನು ಕನ್ನಡ ಬಲ್ಲ ಯಾರೂ ಹೆಚ್ಚು ತಪ್ಪಿಲ್ಲದೆ ಓದಬಲ್ಲರು.

ಹಾಗಿದ್ದರೂ ಮನ್ನಣೆ ಬೇರೆ ಹಾದಿಯಲ್ಲಿ ನಡೆಯಿತು. ಕೇಂದ್ರ ಸಾಹಿತ್ಯ ಅಕಾಡೆಮಿ 1975ರಲ್ಲಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯ ಭಾಷೆಯೆಂದು ಒಪ್ಪಿತು. 1987ರ ಗೋವೆಯ ರಾಜಭಾಷಾ ಕಾಯಿದೆ ಕೊಂಕಣಿಯೆಂದರೆ ದೇವನಾಗರಿಯಲ್ಲಿ ಬರೆದ ಕೊಂಕಣಿ ಎಂದಿತು. 1992ರಲ್ಲಿ ಭಾಷೆ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಅಕಾಡೆಮಿಯ ಪ್ರಶಸ್ತಿಗೆ ದಶಕಗಳ ಕಾಲ ದೇವನಾಗರಿಯ ಪುಸ್ತಕಗಳನ್ನೇ ಪರಿಗಣಿಸಿದ್ದರಿಂದ, ಕರಾವಳಿಯ ಕವಿ ತನ್ನನ್ನು ಓದುವವರಿಗೆ ಒಂದು ಲಿಪಿ, ತೀರ್ಪುಗಾರರಿಗೆ ಇನ್ನೊಂದು ಲಿಪಿ ಎಂದು ದುಡಿಯಬೇಕಾಯಿತು. ಇದು ಅನ್ಯಾಯವೇ. ಆದರೆ ಈ ಅನ್ಯಾಯವನ್ನು ಹೇಳಿಕೊಳ್ಳುತ್ತಾ ನಾವು ನಮ್ಮ ಮನೆಯ ಕೆಲಸವನ್ನು ಮರೆತೆವೆಂದು ನನಗನ್ನಿಸುತ್ತದೆ.

ಆ ಕೆಲಸಗಳಲ್ಲಿ ಒಂದು, ವಿಮರ್ಶೆ. ಕನ್ನಡ ಲಿಪಿಯ ಕೊಂಕಣಿ ಸಾಹಿತ್ಯ ಬಹುಮಟ್ಟಿಗೆ ವಾರಪತ್ರಿಕೆಯ ಮಗು. ಕಂತು ಕಂತಾಗಿ ಬಂದು, ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳುವಂತೆ ಬರೆದದ್ದು. ಅದರ ಬಲ ಅಲ್ಲಿದೆ: ಸಂಭಾಷಣೆಗೆ ಅಡುಗೆಮನೆಯ ಚುರುಕಿದೆ, ಗಾದೆ ತಾನಾಗಿ ಬರುತ್ತದೆ. ಅದರ ಮಿತಿಯೂ ಅಲ್ಲಿಯೇ ಇದೆ. ವಾರದ ಓದುಗನನ್ನು ನೋಯಿಸಬಾರದೆಂಬ ಎಚ್ಚರ ಕಥೆಯನ್ನು ಬೇಗನೆ ಮದುವೆಗೋ ಪಶ್ಚಾತ್ತಾಪಕ್ಕೋ ಒಯ್ದು ಮುಟ್ಟಿಸುತ್ತದೆ. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯ ನೆನಪು ಈ ಸಾಹಿತ್ಯಕ್ಕೆ ಮತ್ತೆ ಮತ್ತೆ ವಸ್ತುವಾಗಿದೆ. ‘ಖಡಾಪ್’ ಎಂದೇ ಹೆಸರಾದ ವಿ. ಜೆ. ಪಿ. ಸಲ್ಡಾನ್ಹಾರ ಐತಿಹಾಸಿಕ ಕಾದಂಬರಿಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅದು ನಿಜವಾದ ನೋವು. ಆದರೆ ನಾವು ಅನುಭವಿಸಿದ್ದನ್ನು ಹೇಳಿದಷ್ಟು ಧಾರಾಳವಾಗಿ, ನಮ್ಮೊಳಗೇ ಉಳಿಸಿಕೊಂಡ ಜಾತಿಯ ಮೇಲುಕೀಳನ್ನು, ಒಡೆಯ–ಒಕ್ಕಲು ಸಂಬಂಧವನ್ನು ಹೇಳಿದ್ದೇವೆಯೇ? ಸಣ್ಣ ಭಾಷೆಯೆಂದು ಎಲ್ಲ ಪುಸ್ತಕಕ್ಕೂ ಬೆನ್ನು ತಟ್ಟುವುದು ನಮ್ಮ ವಾಡಿಕೆ. ಬಿಡುಗಡೆ ಸಮಾರಂಭದಲ್ಲಿ ಶಾಲು ಹೊದೆಸಿ, ಪುಸ್ತಕವನ್ನು ಬೀರುವಿನಲ್ಲಿಟ್ಟು ಮರೆಯುತ್ತೇವೆ. ಸಿಟ್ಟಿನಿಂದಾದರೂ ಅದನ್ನು ಪೂರ್ತಿ ಓದಿ ತಪ್ಪು ಹೇಳುವವನು ಲೇಖಕನಿಗೆ ಹೆಚ್ಚು ಗೌರವ ತೋರಿದಂತೆ.

ಹಾಗೆಯೇ ಗೋವೆಯವರತ್ತ ನಮ್ಮ ಉದಾಸೀನ. 2006ನೆಯ ಸಾಲಿನ ಜ್ಞಾನಪೀಠ ರವೀಂದ್ರ ಕೇಳೇಕರ್ ಅವರಿಗೆ, ಅನಂತರ ದಾಮೋದರ ಮಾವಜೋ ಅವರಿಗೆ ಬಂದಾಗ ನಾವೂ ಸಂತೋಷಪಟ್ಟೆವು. ಅವರ ಒಂದು ಕಥೆಯನ್ನಾದರೂ ಓದಿದವರು ನಿಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಜನ?

ಇನ್ನೊಂದು ಕೆಲಸ, ಮೊಮ್ಮಗಳದು. ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಲಿಪೀಠದ ಬಳಿ ಸ್ಥಾನ ಕೊಟ್ಟ ಮೇಲೆ, ಯಾವ ಪೂಜೆ ಯಾವ ಭಾಷೆಯಲ್ಲಿ ಎಂಬ ಮನಸ್ತಾಪ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ. ಅಲ್ಲೆಲ್ಲ ಕನ್ನಡ ಒಂದು ಪಾಲು ಪಡೆದರೆ ಕೊಂಕಣಿ ಅಷ್ಟು ಕಳೆದುಕೊಂಡಂತೆ ಎಂಬ ಲೆಕ್ಕವಿರುತ್ತದೆ. ಈ ಲೆಕ್ಕ ತಪ್ಪು. ಕರ್ನಾಟಕದ ಕೊಂಕಣಿ ಕಥೋಲಿಕರ ಒಂದು ಶತಮಾನದ ಬರಹ ಇರುವುದು ಕನ್ನಡ ಅಕ್ಷರಗಳಲ್ಲಿ. ಮನೆಯ ಮಗು ಕನ್ನಡ ಓದಲು ಕಲಿಯದಿದ್ದರೆ ಕನ್ನಡಕ್ಕೆ ಇತರ ಕೋಟಿಗಟ್ಟಲೆ ಓದುಗರಿದ್ದಾರೆ. ಕೊಂಕಣಿಗೆ ಇರುವುದು ಈ ಮಗು. 2011ರ ಜನಗಣತಿಯಂತೆ ದೇಶದಲ್ಲಿ ಕೊಂಕಣಿ ಮಾತೃಭಾಷೆಯವರು ಸುಮಾರು 22.5 ಲಕ್ಷ, 2001ರಲ್ಲಿ ಸುಮಾರು 24.9 ಲಕ್ಷವಿದ್ದರು. ಆಂಗ್ಲ ಮಾಧ್ಯಮದ ಶಾಲೆಯಲ್ಲಿ ಕನ್ನಡವನ್ನು ಅಂಕಗಳಿಗಷ್ಟೇ ಓದಿಸಿ ಕೈತೊಳೆದುಕೊಳ್ಳುವ ತಂದೆತಾಯಿಗಳು, ತಾವು ಕೊಂಕಣಿಯ ಅಭಿಮಾನಿಗಳೆಂದು ಹೇಳಿಕೊಳ್ಳುವಾಗ ಇದನ್ನು ಗಮನಿಸಬೇಕು.

ಕರ್ನಾಟಕದ ಶಾಲೆಗಳಲ್ಲಿ 2007ರಿಂದ ಕೊಂಕಣಿಯನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯಲು, ಅದೂ ಕನ್ನಡ ಅಥವಾ ದೇವನಾಗರಿ ಲಿಪಿಯಲ್ಲಿ, ಅವಕಾಶ ದೊರೆಯಿತು. ಆದರೆ ಬೆಂಗಳೂರಿನ ಮಗು ಅಷ್ಟು ದೂರ ಹೋಗಬೇಕಾಗಿಲ್ಲ. ಭಾಷೆ ಬಲ್ಲ ಮಗುವಿಗೆ ಅರ್ಥ ಕಲಿಸುವ ಶ್ರಮವಿಲ್ಲ, ಅಕ್ಷರ ಕಲಿಸಿದರಾಯಿತು. ಒಂದು ಬೇಸಿಗೆ ರಜೆ, ದಿನಕ್ಕೆ ಅರ್ಧ ಗಂಟೆ, ಪಕ್ಕದಲ್ಲಿ ಅಜ್ಜಿ. ಮೊದಲ ಪಾಠಕ್ಕೆ ಬೇರೆ ಪುಸ್ತಕವೂ ಬೇಡ. ಆ ಹಳೆಯ ಪ್ರಾರ್ಥನೆಯ ಪುಸ್ತಕದಲ್ಲಿ ‘ನಮಾನ್ ಮರಿಯೆ’ ಇರುವ ಪುಟವನ್ನು ತೆರೆದು, ಅಜ್ಜಿ ಬೆರಳಿಟ್ಟು ನಿಧಾನವಾಗಿ ಹೇಳಲಿ. ಕಿವಿಗೆ ಗೊತ್ತಿರುವುದನ್ನು ಕಣ್ಣು ಒಂದೊಂದಾಗಿ ಗುರುತಿಸುತ್ತಾ ಹೋಗುತ್ತದೆ.