ಮುಧೋಳ ನಾಯಿಗೆ ಜೊತೆ ಬೇಕೇ?

ಸಾಕಿದ ನಾಯಿ ಮಡಿಲಿಗೆ ಬರುವುದಿಲ್ಲ, ಕರೆದರೆ ಬಾಲವನ್ನು ಒಮ್ಮೆ ಆಡಿಸಿ ನಿಂತಲ್ಲೇ ನಿಲ್ಲುತ್ತದೆ, ಮನೆಗೆ ಬಂದ ನೆಂಟರ ಕೈಗೆ ಸಿಗದೆ ಸರಿದು ಹೋಗುತ್ತದೆ ಎಂಬ ಕೊರಗು ಬೇಟೆ ತಳಿಗಳನ್ನು, ಅದರಲ್ಲೂ ಮುಧೋಳ ನಾಯಿಯನ್ನು ಸಾಕಿದವರಲ್ಲಿ ಸಾಮಾನ್ಯವಾಗಿದ್ದು, ಅದಕ್ಕೆ ಪರಿಹಾರವೆಂದು ಇನ್ನೊಂದು ನಾಯಿಯನ್ನು ತರುವ ಯೋಚನೆಯೂ ಅಷ್ಟೇ ಸಾಮಾನ್ಯವಾಗಿದೆ. ಈ ಯೋಚನೆಯಲ್ಲಿ ಎರಡು ಬೇರೆ ಬೇರೆ ಆಸೆಗಳು ಬೆರೆತಿರುತ್ತವೆ. ಒಂಟಿಯಾಗಿರುವ ನಾಯಿಗೆ ಜೊತೆ ಸಿಕ್ಕೀತು ಎಂಬುದು ಒಂದಾದರೆ, ಮೊದಲನೆಯದು ಕೊಡದ ಮುದ್ದನ್ನು ಎರಡನೆಯದಾದರೂ ಕೊಟ್ಟೀತು ಎಂಬುದು ಇನ್ನೊಂದು. ಮೊದಲನೆಯ ಆಸೆ ನಾಯಿಗೆ ಸಂಬಂಧಿಸಿದ್ದು, ಎರಡನೆಯದು ಸಾಕುವವನಿಗೆ ಸಂಬಂಧಿಸಿದ್ದು. ಇವುಗಳನ್ನು ಬಿಡಿಸಿ ನೋಡದೆ ಮರಿ ತಂದರೆ ಹಳೆಯ ನಾಯಿಗೂ ಹೊಸದಕ್ಕೂ ಅನ್ಯಾಯವಾಗುತ್ತದೆ.

ಮುಧೋಳ ನಾಯಿಯ ಬಿಗುಮಾನ ಇಂದು ನೆನ್ನೆಯದಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ ಬೆಳೆಸಿದ, ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಉಡುಗೊರೆಯಾಗಿ ಕೊಟ್ಟ ಈ ತಳಿಯು ದೃಷ್ಟಿಬೇಟೆಯ ನಾಯಿಗಳ ಗುಂಪಿಗೆ ಸೇರುತ್ತದೆ. ದೃಷ್ಟಿಬೇಟೆಯ ನಾಯಿ ಎಂದರೆ ವಾಸನೆಯ ಜಾಡು ಹಿಡಿಯುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಟದಿಂದಲೇ ಅದನ್ನು ಹಿಡಿಯುವ ನಾಯಿ. ಬಯಲಿನಲ್ಲಿ ಮೊಲದ ಬೆನ್ನು ಹತ್ತಿದಾಗ ಯಜಮಾನನ ಅಪ್ಪಣೆಗೆ ಕಾಯುವ ಅವಕಾಶ ಅದಕ್ಕಿರುವುದಿಲ್ಲ. ತಿರುವುಗಳನ್ನು ತಾನೇ ಊಹಿಸಿ, ತಾನೇ ತೀರ್ಮಾನಿಸಿ ಓಡಬೇಕಾಗುತ್ತದೆ. ಕುರಿಗಾರನ ಸನ್ನೆಗೆ ಕ್ಷಣಕ್ಷಣಕ್ಕೂ ತಿರುಗಿ ನೋಡುವ ಕುರಿನಾಯಿಯ ಗುಣವನ್ನಾಗಲಿ, ಹೊಡೆದ ಹಕ್ಕಿಯನ್ನು ತಂದು ಕೈಗೆ ಕೊಡುವ ಲ್ಯಾಬ್ರಡಾರ್‌ನ ಗುಣವನ್ನಾಗಲಿ ಇಂಥ ಕೆಲಸಕ್ಕೆ ಆಯ್ದು ಬೆಳೆಸಿದ ತಳಿಯಲ್ಲಿ ನಿರೀಕ್ಷಿಸಲಾಗದು. ಅಪರಿಚಿತರು ಮೈ ಮುಟ್ಟುವುದನ್ನು ಈ ತಳಿ ಇಷ್ಟಪಡುವುದಿಲ್ಲ ಎಂಬುದನ್ನು ಬಲ್ಲವರೆಲ್ಲ ಒಪ್ಪುತ್ತಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಮುಂದೆ ಸೇನೆಯ ತರಬೇತಿಗೂ ಆಯ್ಕೆಯಾದ ಈ ನಾಯಿಯನ್ನು ಹೆಮ್ಮೆಯಿಂದ ಮನೆಗೆ ತಂದವರು ಅದರ ಸ್ವಭಾವವನ್ನೂ ಜೊತೆಯಲ್ಲೇ ತಂದಿರುತ್ತಾರೆ.

ದೂರವಿರುವುದೆಂದರೆ ಅಂಟಿಲ್ಲದಿರುವುದು ಎಂಬ ಭಾವನೆ ಸರಿಯಲ್ಲ. ಬುಡಾಪೆಸ್ಟ್ ನಗರದ ಸಂಶೋಧಕ ಯೋಜೆಫ್ ತೊಪಾಲ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾಯಿ ಮಗುವಿನ ನಂಟನ್ನು ಅಳೆಯಲು ಮನೋವಿಜ್ಞಾನಿಗಳು ಬಳಸುತ್ತಿದ್ದ ಪರೀಕ್ಷೆಯನ್ನು ನಾಯಿಗಳಿಗೆ ಅಳವಡಿಸಿ, ಹೊಸ ಕೋಣೆಯಲ್ಲಿ ಯಜಮಾನನಿದ್ದಾಗ, ಅವನು ಹೊರಗೆ ಹೋದಾಗ ಹಾಗೂ ಮರಳಿ ಬಂದಾಗ ನಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಗಮನಿಸಿದರು. ಮಗು ತಾಯಿಯ ಬಗ್ಗೆ ತೋರುವಂಥ ನಂಟನ್ನು ನಾಯಿಗಳು ತಮ್ಮ ಯಜಮಾನರ ಬಗ್ಗೆ ತೋರುತ್ತವೆ ಎಂಬುದು ಅವರ ತೀರ್ಮಾನ. ಆದರೆ ಅದನ್ನು ತೋರುವ ರೀತಿ ಎಲ್ಲ ನಾಯಿಗಳಲ್ಲೂ ಒಂದೇ ಆಗಿರಲಿಲ್ಲ. ಮುಧೋಳ ನಾಯಿಯ ವಿಷಯದಲ್ಲಿ ಗಮನಿಸಬೇಕಾದವು ಸಣ್ಣ ಸಂಗತಿಗಳು. ಮನೆಯವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಾಗ ಸ್ವಲ್ಪ ಹೊತ್ತಿನಲ್ಲಿ ಅದೂ ಎದ್ದು ಬಂದು, ಯಾರನ್ನೂ ನೋಡದೆ, ಬಾಗಿಲ ಬಳಿ ಉದ್ದನೆಯ ಕಾಲುಗಳನ್ನು ಚಾಚಿ ಮಲಗುತ್ತದೆ. ಗೇಟಿನ ಸದ್ದಿಗೆ ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ತಲೆ ತಗ್ಗಿಸಿ, ಬಾಲದ ತುದಿಯನ್ನಷ್ಟೇ ಆಡಿಸುತ್ತ ಬಂದು, ಒಂದು ಮಾರು ದೂರದಲ್ಲಿ ನಿಲ್ಲುತ್ತದೆ. ಎಲ್ಲರೂ ಸುಮ್ಮನೆ ಕುಳಿತ ಹೊತ್ತಿನಲ್ಲಿ ಬಂದು ತೊಡೆಗೆ ಮೈಯ ಭಾರವನ್ನು ಒರಗಿಸಿ ನಿಂತು, ತಬ್ಬಲು ಕೈ ಚಾಚಿದೊಡನೆ ಸರಿದುಬಿಡುತ್ತದೆ. ಇಷ್ಟನ್ನು ಮಾಡುವ ನಾಯಿ ತನ್ನವರನ್ನು ಪ್ರೀತಿಸುತ್ತಿದೆ ಎನ್ನುವುದರಲ್ಲಿ ಅನುಮಾನವೇ ಬೇಡ.

ಮೊದಲು ಚೆನ್ನಾಗಿ ಬೆರೆಯುತ್ತಿದ್ದ ನಾಯಿ ಈಚೆಗೆ ದೂರ ಸರಿಯತೊಡಗಿದ್ದರೆ ಅದು ಬೇರೆಯೇ ಮಾತು. ಕೀಲುನೋವು, ಹಲ್ಲುನೋವು, ಕಿವಿಯ ಸೋಂಕು, ಥೈರಾಯ್ಡ್ ಗ್ರಂಥಿಯ ಕೊರತೆ ಅಥವಾ ನಮ್ಮ ಕಡೆ ಹೇರಳವಾಗಿ ಕಾಣುವ, ಉಣ್ಣೆಗಳು ಕಚ್ಚಿ ಹರಡುವ ಎರ್ಲಿಕಿಯೋಸಿಸ್ ಎಂಬ ರಕ್ತದ ಸೋಂಕು, ಇವೆಲ್ಲವೂ ನಾಯಿಯನ್ನು ಮಂಕಾಗಿಸುತ್ತವೆ. ಅಂಥ ನಾಯಿಗೆ ಬೇಕಾದದ್ದು ಪಶುವೈದ್ಯರೇ ಹೊರತು ಸಂಗಾತಿಯಲ್ಲ; ನೋವಿನಲ್ಲಿರುವ ನಾಯಿಯ ಮೇಲೆ ಮರಿಯೊಂದು ಹಾರಿ ಬೀಳುವಂತೆ ಬಿಡುವುದು ಕ್ರೌರ್ಯವೇ ಸರಿ.

ಆರೋಗ್ಯವೂ ಸ್ವಭಾವವೂ ಸ್ಪಷ್ಟವಾದ ಮೇಲೆ ಉಳಿಯುವ ಪ್ರಶ್ನೆ, ಈ ನಾಯಿಗೆ ಇತರ ನಾಯಿಗಳೆಂದರೆ ಇಷ್ಟವೇ ಎಂಬುದು. ಮನುಷ್ಯರಿಂದ ದೂರವಿರುವ ನಾಯಿ ತನ್ನ ಜಾತಿಯವರೊಡನೆ ಸಲಿಗೆಯಿಂದಿರಬಹುದು, ಇಲ್ಲದೆಯೂ ಇರಬಹುದು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಹಲವು ವರ್ಷ ನಡೆಸಿ 1965ರಲ್ಲಿ ಪುಸ್ತಕವಾಗಿ ಹೊರತಂದ ಸಂಶೋಧನೆಯ ಪ್ರಕಾರ, ಹುಟ್ಟಿದ ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗಿನ ಅವಧಿಯಲ್ಲಿ ಮರಿಗೆ ಯಾರ ಒಡನಾಟ ದೊರೆಯುತ್ತದೆಯೋ ಅವರೊಡನೆ ಅದು ಮುಂದೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಇದನ್ನೇ ಒಡನಾಟ ಕಲಿಯುವ ಕಾಲ ಎನ್ನುತ್ತಾರೆ. ಆ ಕಾಲದಲ್ಲಿ ತಾಯಿ ಮತ್ತು ಒಡಹುಟ್ಟಿದ ಮರಿಗಳಿಂದ ಬೇಗನೆ ಬೇರ್ಪಟ್ಟು ಒಂಟಿಯಾಗಿ ಬೆಳೆದ ನಾಯಿಗೆ ಇನ್ನೊಂದು ನಾಯಿಯ ಮಾತೇ ಅರ್ಥವಾಗದಿರಬಹುದು. ಬೆಳಗಿನ ತಿರುಗಾಟದಲ್ಲಿ ಇನ್ನೊಂದು ನಾಯಿ ಕಂಡಾಗ ಅದು ಮುಂಗಾಲು ಬಗ್ಗಿಸಿ ಹಿಂಭಾಗ ಎತ್ತಿ ಆಟಕ್ಕೆ ಕರೆಯುತ್ತದೆಯೋ, ಮೂಸಿ ನೋಡಿ ಮುಂದೆ ಹೋಗುತ್ತದೆಯೋ, ಮೈ ಸೆಟೆಸಿ ದಿಟ್ಟಿಸುತ್ತದೆಯೋ ಎಂಬುದನ್ನು ಕೆಲವು ವಾರ ನೋಡಿದರೆ ಉತ್ತರ ಸಿಗುತ್ತದೆ. ದಿಟ್ಟಿಸುವ ನಾಯಿಯ ಮನೆಗೆ ಎರಡನೆಯದನ್ನು ತರಬಾರದು.

ತರುವುದಾದರೆ ವಿರುದ್ಧ ಲಿಂಗದ ನಾಯಿಗಳು ಒಗ್ಗುವುದು ಹೆಚ್ಚು, ಆದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರಬೇಕು. ಒಂದೇ ಮನೆಯ ಎರಡು ಹೆಣ್ಣುನಾಯಿಗಳ ನಡುವೆ ಹುಟ್ಟುವ ಹಗೆ ಆರುವುದು ಕಷ್ಟ. ಓಡುವ ಸಣ್ಣ ಪ್ರಾಣಿಯನ್ನು ಬೆನ್ನಟ್ಟುವುದು ಮುಧೋಳದ ರಕ್ತಗುಣವಾದ್ದರಿಂದ ಪೊಮೇರಿಯನ್‌ನಂಥ ಪುಟ್ಟ ನಾಯಿಗಿಂತ ಗಾತ್ರದಲ್ಲಿ ಸರಿಸಮನಾದ, ಶಾಂತ ಸ್ವಭಾವದ, ಪ್ರಾಯಕ್ಕೆ ಬಂದ ನಾಯಿಯೇ ಮೇಲು. ಬೀದಿಯಲ್ಲಿ ಹುಟ್ಟಿ ಆಶ್ರಯತಾಣದಲ್ಲಿರುವ ನಾಡನಾಯಿಗಳು ಈ ವಿಷಯದಲ್ಲಿ ಬಹಳ ಒಳ್ಳೆಯ ಆಯ್ಕೆ, ಏಕೆಂದರೆ ಒಡನಾಡಿಗಳ ನಡುವೆಯೇ ಬೆಳೆದ ಅವುಗಳಿಗೆ ಇನ್ನೊಂದು ನಾಯಿಯ ಎಚ್ಚರಿಕೆಯನ್ನು ಗೌರವಿಸುವುದು ಸಾಮಾನ್ಯವಾಗಿ ಗೊತ್ತಿರುತ್ತದೆ. ಮರಿಯನ್ನೇ ಕೊಳ್ಳುವುದಾದರೆ 8 ವಾರ ತುಂಬದ ಮರಿಯ ಮಾರಾಟವನ್ನು 2017ರ ಕೇಂದ್ರ ನಿಯಮಗಳು ನಿಷೇಧಿಸಿವೆ ಎಂಬುದು ನೆನಪಿರಲಿ. ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆ ಮತ್ತು ಜಂತುಹುಳುವಿನ ಔಷಧಿ ಆಗದ ಹೊಸ ನಾಯಿಯನ್ನು ಹಳೆಯದರ ಬಳಿ ಬಿಡುವುದು ಸಲ್ಲದು.

ಪರಿಚಯದ ದಿನ ಅವಸರವೇ ದೊಡ್ಡ ಶತ್ರು. ಹೊಸ ನಾಯಿಯನ್ನು ನೇರವಾಗಿ ಅಂಗಳಕ್ಕೆ ತಂದರೆ ಹಳೆಯದಕ್ಕೆ ಅದು ಅತಿಕ್ರಮಣವಾಗಿ ಕಾಣುತ್ತದೆ. ಆದ್ದರಿಂದ ಎರಡಕ್ಕೂ ಹೊಸದಾದ ಮೈದಾನದಲ್ಲಿ ಇಬ್ಬರು ಒಂದೊಂದು ನಾಯಿಯನ್ನು ಹಿಡಿದು, ನಡುವೆ ಸಾಕಷ್ಟು ಅಂತರವಿಟ್ಟು, ಒಂದೇ ದಿಕ್ಕಿಗೆ ನಡೆಯುತ್ತ ಕ್ರಮೇಣ ಹತ್ತಿರವಾಗಬೇಕು. ಹಗ್ಗ ಸಡಿಲವಾಗಿರಬೇಕು, ಏಕೆಂದರೆ ಬಿಗಿಹಿಡಿದ ಹಗ್ಗ ನಾಯಿಗೆ ಯಜಮಾನನ ಆತಂಕವನ್ನು ತಿಳಿಸುತ್ತದೆ. ಮೂತಿಗೆ ಮೂತಿ ಒಡ್ಡಿ ನಿಲ್ಲಿಸುವುದಕ್ಕಿಂತ, ಬಾಗಿದ ದಾರಿಯಲ್ಲಿ ಬಂದು ಒಂದರ ಹಿಂಭಾಗವನ್ನು ಇನ್ನೊಂದು ಕೆಲವು ಕ್ಷಣ ಮೂಸಲು ಬಿಟ್ಟು, ಮತ್ತೆ ನಡೆಸಿಕೊಂಡು ಹೋಗುವುದು ಒಳ್ಳೆಯದು. ಮನೆಯಲ್ಲಿ ಊಟದ ತಟ್ಟೆಗಳು ಬೇರೆ ಬೇರೆ ಕೋಣೆಯಲ್ಲಿರಬೇಕು, ಹಳೆಯ ನಾಯಿಯ ಹಾಸಿಗೆ ಅದರದೇ ಆಗಿ ಉಳಿಯಬೇಕು, ಹೊಸದಕ್ಕೆ ಹೋಗಲಾಗದ ಒಂದು ಮೂಲೆ ಅದಕ್ಕೆ ಸದಾ ತೆರೆದಿರಬೇಕು. ಹಳೆಯದು ಗುರುಗುಟ್ಟಿದರೆ ಗದರಬಾರದು; ಗುರುಗುಟ್ಟುವುದು ಕಚ್ಚುವುದಕ್ಕೆ ಮುಂಚಿನ ಎಚ್ಚರಿಕೆಯಾದ್ದರಿಂದ, ಅದನ್ನು ಅಡಗಿಸಿದ ನಾಯಿ ಮುಂದೊಮ್ಮೆ ಸದ್ದಿಲ್ಲದೆ ಕಚ್ಚುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಎರಡನ್ನೂ ಒಟ್ಟಿಗೆ ಬಿಡಲು ಹಲವು ವಾರಗಳೇ ಹಿಡಿಯಬಹುದು.

ಹೀಗೆಲ್ಲ ಮಾಡಿದ ಮೇಲೂ ಮುಧೋಳ ನಾಯಿ ಮುಧೋಳ ನಾಯಿಯಾಗಿಯೇ ಉಳಿಯುತ್ತದೆ. ಹೊಸದರ ಜೊತೆ ಓಡಬಹುದು, ಒಂದೇ ಬಿಸಿಲಿನಲ್ಲಿ ಮೈ ಕಾಯಿಸಬಹುದು, ಆದರೆ ಹೊಸದನ್ನು ನೋಡಿ ಮಡಿಲೇರುವುದನ್ನು ಕಲಿಯುವುದಿಲ್ಲ. ಎರಡು ನಾಯಿಗಳ ಊಟ, ಔಷಧಿ, ತಿರುಗಾಟಗಳಿಗೆ ಬೇಕಾದ ಹಣವೂ ಸಮಯವೂ ಇದ್ದು, ಹಳೆಯದು ಈಗಿರುವಂತೆಯೇ ಇದ್ದರೂ ಸಂತೋಷವೇ ಎನ್ನುವವರು ಮಾತ್ರ ಎರಡನೆಯದನ್ನು ತರಲಿ. ಉಳಿದವರು ಆ ಸಮಯವನ್ನು ಮನೆಯಲ್ಲಿರುವ ನಾಯಿಗೇ ಕೊಟ್ಟು, ದಿನಕ್ಕೊಮ್ಮೆ ಬೇಲಿಯಿರುವ ಬಯಲಿನಲ್ಲಿ ಅದನ್ನು ಮನಸಾರೆ ಓಡಲು ಬಿಡಲಿ.