ಸೇವಿಸಿ, ವರ್ಜಿಸಿ: ಒಂದು ಹಾಳೆಯ ವಿಮರ್ಶೆ

ವಿಮರ್ಶೆ ಅಂದರೆ ಕಾದಂಬರಿ, ಕವನಸಂಕಲನಗಳ ಮೇಲೆ ಬರೆಯುವುದು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದರು. ನಮ್ಮ ಕೇರಿಯಲ್ಲಿ ಯಾವ ಕಾದಂಬರಿಗೂ ಇಲ್ಲದಷ್ಟು ಓದುಗರಿರುವ ಕೃತಿಯೊಂದಿದೆ. ಸಕ್ಕರೆ ಕಾಯಿಲೆಯವರಿಗೆ ಆಸ್ಪತ್ರೆಯಲ್ಲಿ ಕೊಡುವ ಆಹಾರದ ಪಟ್ಟಿ. ಒಂದೇ ಹಾಳೆ. ಓದು ಬಾರದವರು ಮಕ್ಕಳ ಕೈಲಿ ಓದಿಸಿಕೊಂಡು, ಮಡಿಚಿ, ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳುತ್ತಾರೆ. ನಮ್ಮ ಅವ್ವನಿಗೆ ಕೊಟ್ಟ ಹಾಳೆ ನನ್ನ ಮುಂದಿದೆ.

ಮೊದಲು ಭಾಷೆ. 'ಸೇವಿಸಿ', 'ವರ್ಜಿಸಿ'. ನಾವು ಉಣ್ಣುವವರು, ತಿನ್ನುವವರು. ಸೇವಿಸುವುದು, ವರ್ಜಿಸುವುದು ವ್ರತ ಹಿಡಿದವರ ಮಾತು. ಬಿಡುವುದಕ್ಕೆ ಏನಾದರೂ ಇದ್ದವನಿಗೆ ಹೇಳುವ ಮಾತು. ಸೇವಿಸಬೇಕಾದ್ದು ಓಟ್ಸ್, ಪಾಲಿಶ್ ಮಾಡದ ಅಕ್ಕಿ, ಸೇಬು, ಬಾದಾಮಿ, ಕೆನೆ ತೆಗೆದ ಹಾಲು. ವರ್ಜಿಸಬೇಕಾದ್ದು ಬಿಳಿ ಅನ್ನ, ಸಕ್ಕರೆ, ಬೆಲ್ಲ, ಆಲೂಗೆಡ್ಡೆ. ಎರಡು ಕಲಂ ಇವೆ, ಮೂರನೆಯದು ಇಲ್ಲ. ಬೆಲೆ. ಬೆಲೆಯ ಕಲಂ ಇಲ್ಲದ ಪಟ್ಟಿಗೆ ಜಾತಿ ಇರುತ್ತದೆ.

ಈ ಕೃತಿಯ ನಾಯಕ ಯಾರು? ಸಂಬಳದ ದಿನ ತಿಂಗಳಿಗಾಗುವಷ್ಟು ಸಾಮಾನು ತರುವವನು. ತನಗೊಂದು, ಮನೆಯವರಿಗೊಂದು ಬೇಯಿಸಿಕೊಡುವ ಹೆಂಡತಿ ಇರುವವನು. ಅವ್ವ ದಿನಗೂಲಿ. ಸಂಜೆ ಕೂಲಿ ಕೈಗೆ ಬಂದ ಮೇಲೆ ಅಂಗಡಿ. ಕಾಲು ಕೆಜಿ ಬೇಳೆ, ಸಣ್ಣ ಪ್ಯಾಕೆಟ್ ಎಣ್ಣೆ, ಉಳಿದದ್ದು ಹಳೇ ಸಾಲಕ್ಕೆ. ಹೀಗೆ ಚಿಲ್ಲರೆಯಾಗಿ ಕೊಂಡವರಿಗೇ ಕೆಜಿ ಲೆಕ್ಕದಲ್ಲಿ ಹೆಚ್ಚು ಬೀಳುವುದು. ಕೂಲಿ ಇಲ್ಲದ ದಿನ ಮೊದಲು ತಪ್ಪುವುದು ಬೇಳೆ, ಮೊಟ್ಟೆ. ಡಿಪೋ ಅಕ್ಕಿ ಇದ್ದೇ ಇರುತ್ತದೆ. ಕಾಸು ಕಡಮೆಯಾದಷ್ಟೂ ತಟ್ಟೆಯಲ್ಲಿ ಅನ್ನ ಹೆಚ್ಚು, ರಕ್ತದಲ್ಲಿ ಸಕ್ಕರೆ ಹೆಚ್ಚು. "ಅನ್ನ ಬಿಡು ಅಂತವ್ರೆ, ಬಿಟ್ಟು ಏನ್ ಉಣ್ಲಿ ಅಂತ ಬರ್ದಿಲ್ವಲ್ಲ ಕಣಪ್ಪ" ಅಂದಳು ಅವ್ವ. ಇದಕ್ಕಿಂತ ಒಳ್ಳೆಯ ವಿಮರ್ಶೆ ನನ್ನಿಂದ ಆಗದು.

2013ರಲ್ಲಿ ಶುರುವಾದ ಅನ್ನಭಾಗ್ಯವನ್ನು ಹೀಗಳೆಯುವ ಉಂಡ ಹೊಟ್ಟೆಗಳ ಜೊತೆ ನಾನು ದನಿಗೂಡಿಸುವುದಿಲ್ಲ. ಆ ಅಕ್ಕಿ ಹಸಿವನ್ನು ಇಂಗಿಸಿದೆ. ಆದರೆ ಇದು ಸಿರಿವಂತರ ಕಾಯಿಲೆ ಎನ್ನುವ ಹಳೇ ಮಾತು ಸುಳ್ಳಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು, ಅನುಕೂಲಸ್ಥ ರಾಜ್ಯಗಳ ನಗರಗಳಲ್ಲಿ ಇದು ಬಡವರಲ್ಲೇ ಹೆಚ್ಚು ಎಂದು 2017ರಲ್ಲಿ ಹೇಳಿತು. ಅದೇ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕ: ದೇಶದಲ್ಲಿ 10 ಕೋಟಿ ದಾಟಿದ ರೋಗಿಗಳು. ಇವರೆಲ್ಲ ಬಾದಾಮಿ ನೆನೆಹಾಕಬೇಕೆ?

ಇನ್ನು ಆ ಪಾಲಿಶ್ ಮಾಡದ ಅಕ್ಕಿ. 1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರು ಹೊಡೆತ ತಿಂದರು. ಬೂಸಾ ಅಂದರೆ ದನದ ಮೇವು, ಅಷ್ಟು ದೊಡ್ಡ ಬೈಗುಳ. ಈಗ ನೋಡಿ, ಅಕ್ಕಿಯ ತೌಡು ತೆಗೆದು ದನಕ್ಕೆ ಹಾಕುತ್ತಾರೆ, ಬಿಳಿ ಅಕ್ಕಿ ಬಡವರಿಗೆ, ತೌಡು ತೆಗೆಯದ ಅಕ್ಕಿ ಚಂದದ ಪ್ಯಾಕೆಟ್ಟಿನಲ್ಲಿ ಉಳ್ಳವರಿಗೆ. ಒಂದು ಕೆಲಸ ಕಡಮೆ ಮಾಡಿದ್ದಕ್ಕೆ ದುಡ್ಡು ಜಾಸ್ತಿ!

ಹಾಗಂತ ನಮ್ಮವರು ರಾಗಿಯ ಭಜನೆಗೆ ಕೂರುವುದೂ ಬೇಡ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ರಾಗಿಯನ್ನು ಗೆಲ್ಲಿಸಿದ್ದು ಮಾನದ ಜಗಳದಲ್ಲಿ, ರಕ್ತಪರೀಕ್ಷೆಯಲ್ಲಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ ನೂರು ಗ್ರಾಂ ಅಕ್ಕಿಯಲ್ಲಿ ಪಿಷ್ಟದಂಶ ಸುಮಾರು 78 ಗ್ರಾಂ, ರಾಗಿಯಲ್ಲಿ 67. ನಾರು ಮಾತ್ರ ರಾಗಿಯಲ್ಲಿ 11, ಅಕ್ಕಿಯಲ್ಲಿ 3. ಅಂದರೆ ರಾಗಿ ವಾಸಿ, ಔಷಧಿಯಲ್ಲ. ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಸಣ್ಣದಾಗಬೇಕು, ಸಾರು ಗಟ್ಟಿಯಾಗಬೇಕು. ಸಾರಿನೊಳಗೆ ಏನಿದೆ ಎಂಬುದೇ ಪ್ರಶ್ನೆ.

ಇಲ್ಲಿ ಹಾಳೆಯ ಮೌನ ಶುರು. ದನದ ಮಾಂಸದಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನಬಹುದು, ಬಲ ಕೊಡುವ ಪ್ರೋಟೀನು ತುಂಬಾ. ಕೇರಿಗೆ ಎಟುಕುತ್ತಿದ್ದ ಮಾಂಸ ಅದೇ. ಹಾಳೆಯಲ್ಲಿ ಅದು ಸೇವಿಸುವುದರಲ್ಲೂ ಇಲ್ಲ, ವರ್ಜಿಸುವುದರಲ್ಲೂ ಇಲ್ಲ. 2021ರಲ್ಲಿ ಬಂದ ಕಾಯಿದೆ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದ ಎಲ್ಲದರ ಕಡಿತ ನಿಲ್ಲಿಸಿತು. ಹಾಳೆ ಮಾತಲ್ಲಿ ಬಿಟ್ಟದ್ದನ್ನು ಸರ್ಕಾರ ತಟ್ಟೆಯಿಂದಲೇ ಎತ್ತಿತು.

ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಊಟ ತಪ್ಪಿಸಬೇಡಿ' ಎಂದಿದೆ. ಇಡೀ ಹಾಳೆಯಲ್ಲಿ ಪ್ರಾಣದ ಮಾತು ಇದು. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಕೆಲಸಕ್ಕೆ ಹೋದರೆ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಕಣ್ಣು ಕತ್ತಲೆ. ಆಗ ವರ್ಜಿಸಿದ ಆ ಸಕ್ಕರೆಯನ್ನೇ ಮೂರು ಚಮಚ ನೀರಿಗೆ ಕದಡಿ ಕುಡಿಯಬೇಕು. ಅದನ್ನು ಬರೆದಿಲ್ಲ. ದಪ್ಪ ಅಕ್ಷರ ಬಾದಾಮಿಗೆ ಸಿಕ್ಕಿದೆ.

ಈ ಕೃತಿಯನ್ನು ತಿದ್ದಿ ಬರೆಯಬೇಕು, ಅಂಗಡಿಯ ಮುಂದೆ ನಿಂತು. ಓಟ್ಸ್ ಹೊಡೆದು ಹುರಳಿ ಅಂತ ಬರೆಯಿರಿ. ಕುದುರೆ, ಎತ್ತಿಗೆ ಬೇಯಿಸುತ್ತಿದ್ದ ಆ ಕಾಳಿನಲ್ಲಿ ನೂರಕ್ಕೆ 22 ಗ್ರಾಂ ಪ್ರೋಟೀನು. ಕಟ್ಟು ಬಸಿದು ಸಾರು, ಕಾಳು ಪಲ್ಯ. ಬಾದಾಮಿ ಹೊಡೆದು ಕಡಲೆಕಾಯಿ, ಒಂದು ಹಿಡಿ. ಸೇಬು ಹೊಡೆದು ಸೀಬೆ. ಸೊಪ್ಪಿಗೆ ಹೊನಗೊನ್ನೆ, ಅಣ್ಣೆ, ದಂಟು, ಹೊಲದ ಬದುವಿನಲ್ಲಿ ಸಿಕ್ಕರೆ ಕಾಸಿಲ್ಲ. ಸಂಜೆಗೆ ಮೊಟ್ಟೆ. ಕರಿಮೀನು ಆಗಬಹುದು, ಬಿ.ಪಿ. ಇದ್ದವರು ಉಪ್ಪು ತೊಳೆದು, ಅಪರೂಪಕ್ಕೆ. ಡಿಪೋದಲ್ಲಿ ಅಕ್ಕಿಯ ಪಕ್ಕ ಹುರಳಿ ಮೂಟೆಯೂ ಇರಲಿ ಎಂದು ಕೇಳುವ ಅರ್ಜಿಯನ್ನು ಈ ಹಾಳೆಯ ಬೆನ್ನಿಗೇ ಬರೆಯಬಹುದು. ಅದು ಖಾಲಿ ಇದೆ.